ಎಡಗಣ್ಣು ಮೊದಲು

ನನ್ನ ಗಂಡ ನನ್ನನ್ನು ಹೊಡೆಯುವ ಮೊದಲು ನನ್ನ ಕನ್ನಡಕ ತೆಗೆಯುತ್ತಿದ್ದ. ಕಿತ್ತುಕೊಳ್ಳುತ್ತಿರಲಿಲ್ಲ. ಎರಡೂ ಕೈಯಿಂದ ಕಿವಿಯ ಹಿಂದಿನ ಕಡ್ಡಿಗಳನ್ನು ಬಿಡಿಸಿ, ಮಡಚಿ, ಟೀವಿಯ ಮೇಲೆ ಹಾಸಿದ್ದ ಬಟ್ಟೆಯ ಮೇಲೆ ಜೋಪಾನವಾಗಿ ಇಡುತ್ತಿದ್ದ. ಆಮೇಲೆ ಶುರು ಮಾಡುತ್ತಿದ್ದ.

ಅದಕ್ಕೊಂದು ಕಾರಣವಿತ್ತು. ಮದುವೆಯಾದ ಎರಡನೆಯ ವರ್ಷ ಅವನ ಏಟಿಗೆ ಕನ್ನಡಕ ಒಡೆದು, ಗಾಜಿನ ಚೂರು ನನ್ನ ಎಡಹುಬ್ಬನ್ನು ಸೀಳಿತ್ತು. ಸಿಂಧನೂರಿನ ದವಾಖಾನೆಯಲ್ಲಿ ನಾಲ್ಕು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ಡಾಕ್ಟರರು ಹೆಂಗಾಯಿತು ಎಂದು ಕೇಳಿದರು. ಬಾಗಿಲು ಬಡಿಯಿತು ಎಂದೆ. ನಾನು ಸಾಲಗುಂದದ ಶಾಲೆಯಲ್ಲಿ ಟೀಚರು. ಅಲ್ಲಿ ಹೆಡ್‌ಮಾಸ್ತರರು ಕೇಳಿದರು, ಅವರಿಗೂ ಬಾಗಿಲು ಎಂದೆ. ಮಕ್ಕಳು ಎಂಟು ದಿನ ನನ್ನ ಹುಬ್ಬನ್ನೇ ನೋಡುತ್ತ ಪಾಠ ಕೇಳಿದವು. ನಾಲ್ಕು ಜನರಿಗೆ ಕಾಣುವ ಗುರುತು ಬೀಳಬಾರದು ಎಂದು ಅವನು ಕಲಿತದ್ದು ಅಂದಿನಿಂದ.

ನನಗೆ ದೂರದ್ದು ಕಾಣುವುದಿಲ್ಲ ಎಂಬುದು ಗೊತ್ತಾದದ್ದೂ ಏಟು ತಿಂದೇ. ಹುಟ್ಟಿ ಬೆಳೆದದ್ದು ಮಸ್ಕಿಯಲ್ಲಿ. ಎಂಬತ್ತರ ದಶಕದ ಶುರುವಿನಲ್ಲಿ, ಮೂರನೆಯ ತರಗತಿಯಲ್ಲಿದ್ದಾಗ, ಬೋರ್ಡಿನ ಮೇಲಿನ ಲೆಕ್ಕವನ್ನು ನಾನು ಪಕ್ಕದವಳ ಪಾಟಿ ನೋಡಿ ಬರೆದುಕೊಳ್ಳುತ್ತಿದ್ದೆ. ಮಾಸ್ತರರಿಗೆ ಅದು ಕಳ್ಳತನವಾಗಿ ಕಂಡಿತು. ಎಬ್ಬಿಸಿ ನಿಲ್ಲಿಸಿ ಕಿವಿಯ ಮೇಲೆ ಬಿಟ್ಟರು. ಮೂರು ದಿನ ಆ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲಿಲ್ಲ. ನಾಲ್ಕನೆಯ ದಿನ ಅವ್ವ ಶಾಲೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು:

"ನನ್ನ ಮಗಳು ಕಳ್ಳಿ ಅಲ್ರಿ. ಆಕೀಗೆ ಸೂಜ್ಯಾಗ ದಾರ ಪೋಣಸಾಕ ಬರ್ತೈತಿ. ಅಂಗಳದಾಗ ನಿಂತೋರು ಯಾರು ಅಂತ ಹೇಳಾಕ ಬರಲ್ರಿ."

ಆ ವಾರವೇ ಅವ್ವ ನನ್ನನ್ನು ಬಸ್ಸಿನಲ್ಲಿ ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದಳು. ಕನ್ನಡಕ ಹಾಕಿಕೊಂಡು ವಾಪಸು ಬಂದಾಗ, ನಮ್ಮ ಊರಿನ ಗುಡ್ಡದ ಮೇಲೆ ಬಂಡೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಬೇರೆ ಬೇರೆ ಕೂತಿವೆ ಎಂದು ಮೊದಲ ಸಲ ತಿಳಿಯಿತು. ವರ್ಷ ವರ್ಷ ಗಾಜು ದಪ್ಪವಾಗುತ್ತ ಹೋಯಿತು. ಟೀಚರ್ ಟ್ರೈನಿಂಗು ಮುಗಿಯುವ ಹೊತ್ತಿಗೆ ಮೈನಸ್ ಆರು.

ನೋಡಲು ಬರುವವರಿದ್ದ ದಿನ ಅಪ್ಪ ಅಡುಗೆಮನೆಗೆ ಬಂದು ನನ್ನ ಮುಖದ ಕಡೆ ಕೈ ತೋರಿಸಿದ.

"ಅದನ್ನ ತಗದಿಟ್ಟು ಬಾ. ಚಸ್ಮಾ ಹಾಕ್ಕೊಂಡು ಕುಂತ್ರ ಯಾರು ಒಪ್ಪತಾರ?"

ತೆಗೆದಿಟ್ಟು ಹೋದೆ. ಚಹಾದ ತಾಟು ಹಿಡಿದು ಅವನ ಮುಂದೆ ಬಗ್ಗಿದಾಗ ಕಂಡದ್ದು ಒಂದು ಬಿಳಿ ಅಂಗಿ, ಅದರ ಮೇಲೆ ಗೋದಿ ಬಣ್ಣದ ಒಂದು ಮುದ್ದೆ. ಮುಖ ಹೇಗಿದೆ ಎಂದು ತಂಗಿ ಕೇಳಿದರೆ, ಚಲೋ ಐತಿ ಎಂದೆ.

ಅವನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಮದುವೆಯಾದ ಮೂರನೆಯ ದಿನ ಟ್ರಂಕಿನಲ್ಲಿ ಕನ್ನಡಕ ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು, ತಾನೇ ಹಾಕಿಕೊಂಡು ನೋಡಿ, ತಲೆ ತಿರುಗಿದಂತಾಗಿ ತೆಗೆದ.

"ನಿಮ್ಮಪ್ಪ ನನಗ ಕುರುಡಿನ್ನ ಕಟ್ಯಾನ" ಎಂದು ಕೆನ್ನೆಗೆ ಹೊಡೆದ. ಅದು ಮೊದಲನೆಯದು.

ನಮ್ಮ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ಭತ್ತದ ಹೊಟ್ಟು ಸುಟ್ಟ ಕರಿಬೂದಿ ದಿನವಿಡೀ ಉದುರಿ ಒಣಹಾಕಿದ ಬಟ್ಟೆಯ ಮೇಲೆ, ನೀರಿನ ಕೊಡದ ಮೇಲೆ ಕೂರುತ್ತಿತ್ತು. ಮಿಲ್ಲು ಓಡುವಾಗ ಓಣಿಯಲ್ಲಿ ಯಾರು ಕೂಗಿದರೂ ಪಕ್ಕದ ಮನೆಗೆ ಕೇಳುತ್ತಿರಲಿಲ್ಲ. ಅವನು ಕುಡಿಯುವವನಲ್ಲ. ಇಸ್ಪೀಟು ಮುಟ್ಟಿದವನಲ್ಲ. ಸಾರಿಗೆ ಉಪ್ಪು ಜಾಸ್ತಿಯಾದದ್ದಕ್ಕೆ, ಅಂಗಿಯ ಇಸ್ತ್ರಿ ಎರಡು ಗೆರೆಯಾದದ್ದಕ್ಕೆ, ನಾನು ಸಾಲಗುಂದದಿಂದ ಬರುವ ಬಸ್ಸು ತಡವಾದದ್ದಕ್ಕೆ ಹೊಡೆಯುತ್ತಿದ್ದ. ಬೆನ್ನು, ತೊಡೆ, ಕೂದಲಿನೊಳಗೆ ತಲೆ, ಹೊರಗೆ ಕಾಣದ ಜಾಗಗಳು.

ಕನ್ನಡಕವಿಲ್ಲದೆ ನನಗೆ ಒಂದು ಗೇಣಿನಾಚೆಗೆ ಏನೂ ಸ್ಪಷ್ಟವಿಲ್ಲ. ಎದುರಿಗೆ ಒಂದು ಆಕಾರ ನಿಂತಿರುತ್ತಿತ್ತು. ಅದರಲ್ಲಿ ಕೈ ಯಾವುದು, ಮುಖ ಯಾವುದು ಗೊತ್ತಾಗುತ್ತಿರಲಿಲ್ಲ. ಕೈ ಬರುವುದು ಕಾಣುತ್ತಿರಲಿಲ್ಲ, ಬಿದ್ದ ಮೇಲೆ ತಿಳಿಯುತ್ತಿತ್ತು. ಹೆದರಿಕೆ ಏಟಿನದಕ್ಕಿಂತ ಅದು ಯಾವ ಕಡೆಯಿಂದ ಬರುತ್ತದೆ ಎಂಬುದರದು. ಶಹಾಬಾದಿ ಬಂಡೆಯ ನೆಲದ ಮೇಲೆ ಅವನ ಪಾದ ಸರಿಯುವ ಸದ್ದು ಕೇಳಿ ಮುಖ ಮುಚ್ಚಿಕೊಳ್ಳುವುದನ್ನು ಕಲಿತೆ. ಮಿಲ್ಲು ಓಡುತ್ತಿದ್ದರೆ ಆ ಸದ್ದೂ ಕೇಳುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ನಮಗೊಬ್ಬಳು ಮಗಳು ಹುಟ್ಟಿದಳು. ಅವಳಿಗೆ ನಾಲ್ಕು ತುಂಬಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅವನು ನನ್ನ ಜಡೆ ಹಿಡಿದು ಮಂಚದ ಕಡೆ ಎಳೆದ. ಕನ್ನಡಕ ಟೀವಿಯ ಮೇಲಿತ್ತು. ಎರಡು ಏಟು ಬಿದ್ದವು. ಮೂರನೆಯದು ಎಡಗಡೆಯಿಂದ ಬರುತ್ತಿದೆ ಅನಿಸಿತು. ಎಡಗಡೆ ಏನೋ ಅಲುಗಾಡಿ ನನ್ನ ಮೇಲೆ ಬಂತು. ಅಲ್ಲಿಯವರೆಗೆ ನಾನು ಒಂದು ದಿನವೂ ಕೈ ಬೀಸಿದವಳಲ್ಲ. ಅಂದು ಬೀಸಿದೆ. ಮುಷ್ಟಿ ಕಟ್ಟಿ, ಬಳೆಗಳ ಸಮೇತ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದೆ.

ಅದು ನನ್ನ ಮಗಳು. ನನ್ನನ್ನು ಅಪ್ಪಿಕೊಳ್ಳಲು ಮಂಚ ಹತ್ತಿ ಓಡಿ ಬಂದಿದ್ದಳು.

ಕೂಸು ನೆಲಕ್ಕೆ ಬಿದ್ದ ಸದ್ದು ಕೇಳಿತು. ಅಳು ತಡವಾಗಿ ಬಂತು. ನಾನು ನೆಲದ ಮೇಲೆ ಕೈಯಾಡಿಸುತ್ತ ಅವಳನ್ನು ಹುಡುಕಿ ಮುಖದ ಹತ್ತಿರ ಮುಖ ತಂದಾಗಲೇ ಕಂಡದ್ದು: ತುಟಿ ಒಡೆದು ಬಾಯಿ ತುಂಬ ರಕ್ತ, ಮುಂದಿನ ಹಾಲುಹಲ್ಲು ಮುರಿದಿತ್ತು. ಅವನು ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡ. ಬಚ್ಚಲಿಗೆ ಒಯ್ದು ಬಾಯಿ ತೊಳೆಸಿದ. "ಅಳಬ್ಯಾಡವ್ವಾ, ಅಳಬ್ಯಾಡ" ಎಂದು ರಮಿಸಿದ. ಅಷ್ಟು ಮೆತ್ತಗಿನ ದನಿ ನಾನು ಅವನ ಬಾಯಲ್ಲಿ ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ:

"ನೋಡು, ಯಾರ ಕೈ ಮಾಡಿದ್ದು ಅಂತ ನೋಡು."

ಸೋಮವಾರ ಬಸ್ಸಿನಲ್ಲಿ ಆಪಾ ಪಕ್ಕದಲ್ಲಿ ಕೂತರು. ಅವರು ನಮ್ಮ ಶಾಲೆಯಲ್ಲಿ ಉರ್ದು ಕಲಿಸುವ ಟೀಚರು, ನನಗಿಂತ ಹದಿನೈದು ವರ್ಷ ದೊಡ್ಡವರು, ಗಂಡ ತೀರಿಕೊಂಡಿದ್ದವರು. ಕೂಸಿನ ತುಟಿಯ ವಿಷಯ ಅವರಿಗೆ ಹೇಗೋ ಗೊತ್ತಾಗಿತ್ತು. ನಾನು ಬಾಗಿಲು ಎನ್ನುವಷ್ಟರಲ್ಲಿ ಅವರು ತಡೆದರು.

"ತಂಗೀ, ನಿಮ್ಮ ಮನ್ಯಾಗ ಎಷ್ಟು ಬಾಗಲಾ ಅದಾವು?"

ಬಸ್ಸು ಸಾಲಗುಂದ ಮುಟ್ಟುವವರೆಗೂ ಅತ್ತೆ. ಇಳಿದ ಮೇಲೆ ನಾನು ಕೇಳಿದ್ದು, ಆ ಮನೆ ಬಿಡುವುದು ಹೇಗೆ ಎಂದಲ್ಲ. ಇವತ್ತಿಗೂ ಅದು ನನಗೆ ಆಶ್ಚರ್ಯ. ನಾನು ಕೇಳಿದ್ದು ಇಷ್ಟು:

"ಆಪಾ, ಚಸ್ಮಾ ಇಲ್ಲದ ಕಣ್ಣು ಕಾಣೋಹಂಗ ಏನರ ಮಾಡಾಕ ಬರ್ತೈತೇನ್ರಿ?"

ಅವರ ಅಕ್ಕನ ಮನೆ ಹೈದರಾಬಾದಿನಲ್ಲಿತ್ತು. ಅಕ್ಕನ ಮಗಳಿಗೆ ನಿಕಾಹ್‌ಗೆ ಮೊದಲು ಲೇಸರ್ ಮಾಡಿಸಿ ಕನ್ನಡಕ ಬಿಡಿಸಿದ್ದರಂತೆ. ನಮ್ಮ ಕಡೆ ಆಗ ಆ ಮಾತು ಕೇಳಿದವರೇ ಕಡಿಮೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೇಸಿಗೆ ರಜೆಯಲ್ಲಿ ತಾವೇ ಕರೆದುಕೊಂಡು ಹೋಗುತ್ತೇನೆ ಎಂದರು ಆಪಾ.

ಗಂಡನನ್ನು ಕೇಳಲು ಎರಡು ವಾರ ಹೆದರಿದೆ. ಕೇಳಿದ ದಿನ ಅವನು ಒಂದೇ ಮಾತಿಗೆ ಒಪ್ಪಿಕೊಂಡ.

"ಮಾಡಿಸ್ಕೋ. ನಾಕು ಮಂದ್ಯಾಗ ಕರಕೊಂಡು ಹೋಗಾಕ ನಾಚಿಕಿ ಬರತೈತಿ ನನಗ."

ಮಗಳನ್ನು ಮಸ್ಕಿಯಲ್ಲಿ ಅವ್ವನ ಹತ್ತಿರ ಬಿಟ್ಟು ಆಪಾ ಜೊತೆ ಹೈದರಾಬಾದಿಗೆ ಹೋದೆ. ಅಲ್ಲಿಯ ಡಾಕ್ಟರು ಹೆಂಗಸು, ನರೆಗೂದಲು, ಮಾತು ಉರ್ದು. ನನಗೆ ಉರ್ದು ಅರ್ಧಂಬರ್ಧ. ಗದ್ದವನ್ನು ಮಶೀನಿನ ಮೇಲೆ ಇಡಿಸಿ ಮೊದಲು ಕಣ್ಣಿನ ಚಿತ್ರ ತೆಗೆದರು. ಕೆಂಪು, ಹಳದಿ, ಹಸಿರು ಬಳೆಗಳು ಒಂದರೊಳಗೊಂದು ಕೂತಂತಿದ್ದ ಚಿತ್ರ. ಕಣ್ಣಿನ ಮುಂಭಾಗದ ಉಬ್ಬು ಎಲ್ಲಿ ಎಷ್ಟಿದೆ ಎಂಬುದರ ನಕಾಶೆ ಅದು. ಡಾಕ್ಟರು ಒಂದು ಚೀಟಿಯ ಹಿಂದೆ ಪೆನ್ನಿನಲ್ಲಿ ಕಣ್ಣು ಬರೆದರು. ಆಪಾ ಒಂದೊಂದೇ ಮಾತು ಕನ್ನಡ ಮಾಡಿ ಹೇಳಿದರು.

"ನಿನ್ನ ಕಣ್ಣಿನ ಗುಡ್ಡಿ ಇರಬೇಕಾದ್ದಕ್ಕಿಂತ ಉದ್ದ ಐತಂತ. ಅದಕ್ಕ ಬೆಳಕು ಹಿಂದಿನ ಪರದಾ ಮುಟ್ಟೋದಕ್ಕ ಮೊದಲ ಕೂಡಿಬಿಡತೈತಂತ. ಗುಡ್ಡಿ ಗಿಡ್ಡ ಮಾಡಾಕ ಆಗಂಗಿಲ್ಲ. ಅದಕ್ಕ ಮುಂದಿನದು ಗಾಜಿನಂಗ ಐತಲ್ಲ, ಕಾರ್ನಿಯಾ ಅಂತಾರ, ಅದನ್ನ ನಡುವ ಸವಸಿ ಚಪ್ಪಟಿ ಮಾಡ್ತಾರಂತ. ಆಗ ಬೆಳಕು ಇನ್ನಷ್ಟು ಹಿಂದ ಹೋಗಿ ಬರಾಬರ್ ಪರದಾದ ಮ್ಯಾಲೆ ಬೀಳತೈತಿ."

"ಎಷ್ಟು ಸವಸ್ತಾರ್ರಿ?"

ಡಾಕ್ಟರು ನಕ್ಕು ತಮ್ಮ ತಲೆಯಿಂದ ಒಂದು ಕೂದಲು ಕಿತ್ತು ತೋರಿಸಿದರು. ಇದರ ದಪ್ಪದಷ್ಟು. ಕಾರ್ನಿಯಾದ ಪೂರ್ತಿ ದಪ್ಪವೇ ಅರ್ಧ ಮಿಲಿಮೀಟರು, ಅದರಲ್ಲಿ ಇಷ್ಟು.

ಎರಡು ರೀತಿ ಇದ್ದವು. ಹೊಸದರಲ್ಲಿ ಕಾರ್ನಿಯಾದ ಮೇಲಿನ ಪದರವನ್ನು ತೆಳ್ಳಗೆ ಕೊಯ್ದು, ಒಂದು ಅಂಚು ಮಾತ್ರ ಬಿಟ್ಟು ಮುಚ್ಚಳದಂತೆ ಮಗುಚಿ, ಒಳಗೆ ಲೇಸರ್ ಬಿಟ್ಟು ಮತ್ತೆ ಮುಚ್ಚುವುದು. ನೋವಿಲ್ಲ, ಮರುದಿನವೇ ಕಾಣುತ್ತದೆ. ಅದನ್ನೇ ಮಾಡೋಣ ಎಂದು ಡಾಕ್ಟರು ಬರೆದುಕೊಳ್ಳುತ್ತಿದ್ದರು. ಬರೆಯುತ್ತಿದ್ದವರು ತಲೆ ಎತ್ತಿ, ಬೆರಳಿನಿಂದ ನನ್ನ ಎಡಹುಬ್ಬಿನ ಕಲೆಯನ್ನು ಸವರಿದರು. ಏನೋ ಕೇಳಿದರು. ಆಪಾ ನನ್ನ ಕಡೆ ತಿರುಗಿದರು.

"ಇದು ಹ್ಯಾಂಗಾತು ಅಂತ ಕೇಳಾಕತ್ತಾರ. ಬಾಗಲಾ ಅಂತ ಹೇಳ್ಲ್ಯಾ?"

"ಖರೇದು ಹೇಳ್ರಿ ಆಪಾ" ಎಂದೆ.

ಹಾಗೆ, ನನ್ನ ಗಂಡ ನನ್ನನ್ನು ಹೊಡೆಯುತ್ತಾನೆ ಎಂಬ ಮಾತು ಮೊದಲ ಸಲ ಇನ್ನೊಬ್ಬರ ಬಾಯಿಂದ, ನನಗೆ ಪೂರ್ತಿ ಬಾರದ ಭಾಷೆಯಲ್ಲಿ ಹೊರಬಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಬರೆದದ್ದನ್ನು ಗೀಟು ಎಳೆದು ಹೊಡೆದುಹಾಕಿದರು.

"ಆ ಮುಚ್ಚಳದ ಪದ್ಧತಿ ನಿನಗ ಬ್ಯಾಡಂತ" ಎಂದರು ಆಪಾ. "ಕಣ್ಣಿಗೆ ಜೋರು ಏಟು ಬಿದ್ರ ಮುಚ್ಚಳ ಸರಿಯಬಹುದಂತ, ವರ್ಷ ಆದ ಮ್ಯಾಲೂ. ಮೊದಲಿನ ಪದ್ಧತಿ ಒಂದೈತಿ. ಮ್ಯಾಲಿನ ಚರ್ಮ ಕೆರದು ತಗದು, ಅಲ್ಲೇ ಲೇಸರ್ ಬಿಡ್ತಾರ. ಚರ್ಮ ತಾನ ಬೆಳೀತೈತಿ. ನೋವು ಬಾಳ. ಆದ್ರ ಗಾಯ ಮಾದ ಮ್ಯಾಲೆ ಸರಿಯೋದು ಅಂಬೋದೇ ಇಲ್ಲ. ಕುಸ್ತಿ ಹಿಡಿಯೋರಿಗೆ ಹಿಂಗ ಮಾಡ್ತಾರಂತ."

ಒಮ್ಮೆಗೆ ಒಂದೇ ಕಣ್ಣು, ಇನ್ನೊಂದು ಕೆಲವು ತಿಂಗಳು ಬಿಟ್ಟು. ಯಾವುದು ಮೊದಲು ಎಂದು ಕೇಳಿದರು. ನಾನು ಯೋಚಿಸಲಿಲ್ಲ. ಎಡಗಣ್ಣು ಎಂದೆ. ಯಾಕೆ ಎಂದು ಡಾಕ್ಟರು ಕೇಳಿದಾಗ ನಾನೇ ಮುರುಕು ಉರ್ದುವಿನಲ್ಲಿ ಹೇಳಿದೆ: ಅವನು ಬಲಗೈಯಿಂದ ಹೊಡೆಯುತ್ತಾನೆ, ಅದು ನನ್ನ ಎಡಕ್ಕೆ ಬರುತ್ತದೆ.

ಡಾಕ್ಟರು ನನ್ನ ಮುಖ ನೋಡಿ ನಿಧಾನವಾಗಿ, ನನಗೆ ಅರ್ಥವಾಗುವಂತೆ ಹೇಳಿದರು: ಕಣ್ಣು ನಾನು ಮಾಡುತ್ತೇನೆ, ಮನೆ ನೀನು ನೋಡಿಕೋ.

ಮಾರನೆಯ ದಿನ ಮಲಗಿಸಿದರು. ಮರಗಟ್ಟುವ ಹನಿ ಹಾಕಿದರು. ರೆಪ್ಪೆ ಮುಚ್ಚದಂತೆ ತಂತಿಯ ಚಿಮುಟವೊಂದನ್ನು ಕಣ್ಣಿಗೆ ಸಿಕ್ಕಿಸಿದರು. ಮೊಂಡಾದ ಒಂದು ಅಲಗಿನಿಂದ ಕಣ್ಣಿನ ಮೇಲೆ ಕೆರೆಯುವುದು ಕಾಣುತ್ತಿತ್ತು, ತಾಗಿದ್ದು ಗೊತ್ತಾಗುತ್ತಿರಲಿಲ್ಲ. ನನ್ನ ಮುಖದ ಹತ್ತಿರ ಇನ್ನೊಬ್ಬರ ಕೈ ಬಂದರೆ ಮೈ ತಾನಾಗಿ ಸೆಟೆಯುತ್ತಿತ್ತು. ನರ್ಸು ಭುಜ ಒತ್ತಿ ಹಿಡಿದಳು. ಮೇಲೆ ಒಂದು ಕೆಂಪು ದೀಪ, ಅದನ್ನೇ ನೋಡು ಎಂದರು. ಆಮೇಲೆ ಟಕ್ ಟಕ್ ಟಕ್ ಎಂದು ಸದ್ದು. ಒಂದೊಂದು ಸದ್ದಿಗೂ ಕಣ್ಣಿನ ನಡುವಿನಿಂದ ಕಾಣದಷ್ಟು ಸಣ್ಣದೊಂದು ಪದರ ಆವಿಯಾಗಿ ಹೋಗುತ್ತಿತ್ತು. ಕೂದಲು ಸುಟ್ಟ ವಾಸನೆ ಬಂತು. ಸುಡುತ್ತಿರುವುದು ನಾನೇ ಎಂದು ಗೊತ್ತಾಯಿತು. ಒಂದು ನಿಮಿಷಕ್ಕೆ ಸ್ವಲ್ಪ ಮೇಲೆ ಆಗಿರಬಹುದು, ಅಷ್ಟರಲ್ಲಿ ಮುಗಿಯಿತು. ಗಾಯದ ಮೇಲೆ ಪಟ್ಟಿಯ ಹಾಗೆ ಮೆತ್ತನೆಯ ಲೆನ್ಸೊಂದನ್ನು ಕೂರಿಸಿದರು.

ಹನಿಯ ಗುಣ ಇಳಿದ ಮೇಲೆ ನೋವು ಬಂತು. ಕಣ್ಣಿಗೆ ಮೆಣಸಿನಪುಡಿ ಹಾಕಿ ಮರಳಿನಲ್ಲಿ ಉಜ್ಜಿದಂತೆ ಮೂರು ದಿನ. ಆಪಾ ಅವರ ಅಕ್ಕನ ಮನೆಯ ಕತ್ತಲೆ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಕಿಟಕಿಯ ಸಂದಿಯಿಂದ ಬಂದ ಬೆಳಕೂ ಸೂಜಿಯಂತೆ ಚುಚ್ಚುತ್ತಿತ್ತು. ಆದರೆ ಅದರಲ್ಲೂ ಒಂದು ಸಮಾಧಾನವಿತ್ತು. ಎಷ್ಟೋ ವರ್ಷಗಳಲ್ಲಿ ನನ್ನ ಮೈಗಾದ ನೋವುಗಳಲ್ಲಿ ನಾನೇ ಬೇಕೆಂದು ತಂದುಕೊಂಡದ್ದು ಅದೊಂದೇ.

ಐದನೆಯ ದಿನ ಲೆನ್ಸು ತೆಗೆದರು. ಎಲ್ಲವೂ ಮಂಜು ಮಂಜು. ನಿಧಾನ ಆಗುತ್ತದೆ ಎಂದು ಕಳಿಸಿದರು. ಮಗಳನ್ನು ಕರೆದುಕೊಂಡು ಸಿಂಧನೂರಿಗೆ ಬಂದ ಮೇಲೆ ಮಿಲ್ಲಿನ ಬೂದಿಗೆ ಹೆದರಿ ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಳಕ್ಕೆ ಬರುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಹನಿ. ಮೂರನೆಯ ವಾರ ಎಡಗಣ್ಣಿಗೆ ಕ್ಯಾಲೆಂಡರಿನ ದೊಡ್ಡ ಅಂಕಿ ಸಿಕ್ಕಿತು. ಐದನೆಯ ವಾರ ಸಣ್ಣ ಅಂಕಿಯೂ ಸಿಕ್ಕಿತು. ಬಲಗಣ್ಣಿಗಾಗಿ ಹಳೆಯ ಕನ್ನಡಕವನ್ನೇ, ಎಡಗಡೆ ನಂಬರಿಲ್ಲದ ಗಾಜು ಕೂರಿಸಿ ಹಾಕಿಕೊಂಡೆ. ಅವನು ಅದನ್ನು ನೋಡಿ ನಗುತ್ತಿದ್ದ. ಕಣ್ಣು ಮಾಯುವವರೆಗೆ ಅವನು ಕೈ ಎತ್ತಲಿಲ್ಲ ಎಂಬುದನ್ನೂ ಹೇಳಬೇಕು. ದುಡ್ಡು ಹಾಕಿ ಮಾಡಿಸಿದ ಕಣ್ಣು ಹಾಳಾಗಬಾರದು ಎಂದುಕೊಂಡಿದ್ದನೋ ಏನೋ.

ಶಾಲೆ ಶುರುವಾದ ಮೊದಲ ಭಾನುವಾರ. ಮಧ್ಯಾಹ್ನ ಊಟಕ್ಕೆ ಕೂತವನು ರೊಟ್ಟಿ ಸೀದಿದೆ ಎಂದು ತಾಟು ತಳ್ಳಿ ಎದ್ದ. ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಅವನು ಹತ್ತಿರ ಬಂದು, ಯಾವಾಗಿನಂತೆ ಎರಡೂ ಕೈಯಿಂದ ಕನ್ನಡಕ ತೆಗೆದ. ಮಡಚಿ ಟೀವಿಯ ಮೇಲೆ ಇಟ್ಟ. ಆಪರೇಷನ್ ಆದದ್ದು ಅವನಿಗೆ ಗೊತ್ತಿತ್ತು. ಆದರೂ ಕೈಗೆ ರೂಢಿಯಾಗಿತ್ತು.

ತಿರುಗಿದಾಗ ನನಗೆ ಅವನ ಮುಖ ಕಂಡಿತು.

ಹೊಡೆಯುವಾಗ ಅವನ ಮುಖ ಹೇಗಿರುತ್ತದೆ ಎಂದು ನಾನು ಎಷ್ಟೋ ಸಲ ಊಹಿಸಿದ್ದೆ. ಕೆಂಪಗೆ ಉರಿಯುವ ಕಣ್ಣು, ಕಚ್ಚಿದ ಹಲ್ಲು, ಮೈಮೇಲೆ ಬಂದವರ ಮುಖ. ಹಾಗಿದ್ದರೆ ಸಿಟ್ಟು ಇಳಿದ ಮೇಲೆ ಅವನೂ ಒಳಗೇ ಮರುಗುತ್ತಿರಬಹುದು ಎಂದುಕೊಂಡು ದಿನ ದೂಡಿದ್ದೆ. ಅಂಥದ್ದೇನೂ ಅಲ್ಲಿರಲಿಲ್ಲ. ಮಿಲ್ಲಿನಲ್ಲಿ ಚೀಲದ ತೂಕ ನೋಡುವವನ ಮುಖ. ತುಟಿ ಸ್ವಲ್ಪ ಒತ್ತಿ, ಕಣ್ಣು ಕಿರಿದು ಮಾಡಿ, ಎಲ್ಲಿ ಹೊಡೆಯಬೇಕೆಂದು ಗುರಿ ನೋಡುತ್ತಿದ್ದ. ನನ್ನ ಕಿವಿಯ ಮೇಲಿನ ಕೂದಲಿರುವ ಜಾಗ ಅವನ ಲೆಕ್ಕ.

ಕೈ ಬಂತು. ಬೆರಳಿನ ಉಂಗುರವೂ ಕಾಣುವಷ್ಟು ಸ್ಪಷ್ಟವಾಗಿ ಬಂತು. ನಾನು ತಲೆ ತಗ್ಗಿಸಿದೆ, ಅಷ್ಟೇ. ನನ್ನ ಹಿಂದೆ ಕಿಟಕಿ ಇತ್ತು. ಅವನ ಮುಷ್ಟಿ ಕಬ್ಬಿಣದ ಸರಳಿಗೆ ಬಡಿಯಿತು. ಒಣಗಟ್ಟಿಗೆ ಮುರಿದಂಥ ಸದ್ದು. ಅವನು ಕೈ ಹಿಡಿದುಕೊಂಡು ಕೂಗಿದ ಕೂಗಿಗೆ ಮಗಳು ಎದ್ದು ನಿಂತಳು.

"ಕೊಂದಬಿಡ್ತೀನಿ ನಿನ್ನ" ಎಂದು ಕಾಲು ಬೀಸಿದ. ಅದೂ ಕಂಡಿತು. ಸರಿದೆ. ಎಡಗೈಯಿಂದ ಕುತ್ತಿಗೆಗೆ ಬಂದ. ಬಲಕ್ಕೆ ನೀರಿನ ತಾಮ್ರದ ತಂಬಿಗೆ ಕೈಗೆ ಸಿಕ್ಕಿತು. ಅದನ್ನು ಎತ್ತಿ ಹಣೆಗೆ ಹೊಡೆದೆ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವನು ಮೊಣಕಾಲ ಮೇಲೆ ಕುಸಿದು, ಕಣ್ಣೊರೆಸಿಕೊಳ್ಳುತ್ತ, ನಾನೆಲ್ಲಿದ್ದೇನೆಂದು ಕಾಣದೆ ಗಾಳಿಯಲ್ಲಿ ಕೈಯಾಡಿಸಿದ. ಆಗ ಇನ್ನೊಂದು ಹೊಡೆದೆ. ಆಮೇಲೆ ಭುಜಕ್ಕೆ ಮತ್ತೊಂದು. ಮೊದಲನೆಯದು ಹೆದರಿಕೆಯಿಂದ. ಎರಡನೆಯದು ಅಷ್ಟು ವರ್ಷದ್ದು. ಮೂರನೆಯದಕ್ಕೆ ನನ್ನ ಹತ್ತಿರ ಇವತ್ತಿಗೂ ಕಾರಣವಿಲ್ಲ. ಅದನ್ನು ಹೊಡೆಯುವಾಗ ನನಗೆ ಹಿತವಾಗಿತ್ತು. ಅದನ್ನು ಬರೆಯದೆ ಬಿಟ್ಟರೆ ಇದು ಸುಳ್ಳಾಗುತ್ತದೆ.

ತಂಬಿಗೆ ನಾಲ್ಕನೆಯ ಸಲ ಮೇಲೆ ಹೋದಾಗ ಮಗಳು ಹೊಸ್ತಿಲಿಂದ ಅಂದಳು, "ಸಾಕು ಬೇ ಯವ್ವಾ."

ಅಳುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವನಲ್ಲಿ ಕಂಡದ್ದನ್ನು ಅವಳು ನನ್ನಲ್ಲಿ ಕಂಡಳೇನೋ ಎಂದು ಹೆದರಿ ತಂಬಿಗೆ ಕೆಳಗಿಟ್ಟೆ. ಪಕ್ಕದ ಮನೆಯವರನ್ನು ಕರೆದು, ಇವರನ್ನು ದವಾಖಾನೆಗೆ ಒಯ್ಯಿರಿ ಎಂದು ಹೇಳಿದೆ. ಕನ್ನಡಕ ಹಾಕಿಕೊಂಡು, ಮಗಳನ್ನು ಎತ್ತಿಕೊಂಡು, ಬಸ್‌ಸ್ಟ್ಯಾಂಡಿಗೆ ನಡೆದೆ. ಸೀರೆಯ ಸೆರಗಿಗೆ ರಕ್ತವಿತ್ತು, ಒಳಗೆ ಮಡಚಿಕೊಂಡೆ.

ಮಸ್ಕಿಯಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ವಿಷಯ ಕೇಳಿ ಎದ್ದು ನಿಂತ.

"ಗಂಡನ ಮ್ಯಾಲೆ ಕೈ ಮಾಡಿ ಬಂದೀಯಲ್ಲ! ಮುಂಜಾನೆ ಮೊದಲ ಬಸ್ಸಿಗೆ ವಾಪಸ್ ನಡಿ."

ಅವ್ವ ಒಳಗಿನಿಂದ ಬಂದಳು. ಅಪ್ಪನಿಗೆ ಎದುರಾಡಿದ್ದನ್ನು ನಾನು ನೋಡಿದವಳಲ್ಲ. ಅಂದು ನೋಡಿದೆ.

"ಆಕಿ ಹೋದ್ರ ನಾನೂ ಹೊಕ್ಕೀನಿ. ಚಸ್ಮಾ ಮುಚ್ಚಿಟ್ಟು ಕಟ್ಟಿದವ ನೀ. ಇನ್ನೇನು ಮುಚ್ಚಿಡಬೇಕಂತೀ?"

ಹದಿನೈದು ದಿನಕ್ಕೆ ಹಿರಿಯರು ನಮ್ಮ ಮನೆಯ ಮುಂದೆ ಕೂಡಿದರು. ಅವನು ಪ್ಲಾಸ್ಟರ್ ಹಾಕಿದ ಕೈಯನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ಹಣೆಗೆ ಪಟ್ಟಿ. ಹೆಂಡತಿ ಹೊಡೆದಳು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವನ ಅಣ್ಣ ಹೇಳಿದ. ನಡುವೆ ಕೂತಿದ್ದ ವಯಸ್ಸಾದವರೊಬ್ಬರು ನನ್ನನ್ನು ಕೇಳಿದರು:

"ಯಾಕವ್ವಾ, ನೀ ಹೊಡದಿದ್ದು ಖರೇನಾ?"

"ಖರೆ ಐತ್ರಿ. ಮೂರು ಸಲ ಹೊಡದೀನಿ. ಅವರು ಎಷ್ಟು ಸಲ ಹೊಡದಾರಂತ ಅವರನ್ನ ಕೇಳ್ರಿ."

ಅವರು ಅವನ ಕಡೆ ತಿರುಗಿದರು. ಅವನು ಪ್ಲಾಸ್ಟರಿನ ಕೈಯನ್ನು ನೋಡುತ್ತ ಕೂತ. ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ, ಇಬ್ಬರೂ ಬೇರೆ ಇರಲಿ, ಕೂಸು ತಾಯಿಯ ಹತ್ತಿರ ಇರಲಿ ಎಂದು ಮಾತಾಯಿತು. ಅಪ್ಪ ಅಲ್ಲಿಂದ ಮೊದಲು ಎದ್ದು ಹೋದ.

ವರ್ಗ ಮಾಡಿಸಿಕೊಂಡು ಸಂತೆಕಲ್ಲೂರಿನ ಶಾಲೆಗೆ ಬಂದೆ. ಲಿಂಗಸುಗೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವ್ವ ಜೊತೆಗೆ ಬಂದು ಮಗಳನ್ನು ನೋಡಿಕೊಂಡಳು. ದೀಪಾವಳಿ ರಜೆಯಲ್ಲಿ ಬಲಗಣ್ಣು ಮಾಡಿಸಿದೆ. ಈಗ ಮುಚ್ಚಳದ ಪದ್ಧತಿಯೇ ಮಾಡಬಹುದಲ್ಲ, ನೋವಿರುವುದಿಲ್ಲ ಎಂದರು ಡಾಕ್ಟರು. ನಾನು ಬೇಡ ಎಂದೆ. ಎರಡು ಕಣ್ಣೂ ಒಂದೇ ಥರ ಇರಲಿ ಎಂದೆ. ಮತ್ತೆ ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬಲಗಣ್ಣು ಎಡದಷ್ಟು ಚೆನ್ನಾಗಿ ಬರಲಿಲ್ಲ. ಮಾಯುವಾಗ ತೆಳುವಾದ ಮಬ್ಬು ಉಳಿಯಿತು, ಸಂಜೆ ಎದುರು ಬರುವ ಲಾರಿಯ ದೀಪದ ಸುತ್ತ ಬಳೆ ಕಾಣುತ್ತದೆ. ಕಾರ್ನಿಯಾ ಈಗ ಮೊದಲಿನದಕ್ಕಿಂತ ತೆಳು, ಅದನ್ನು ಇನ್ನು ದಪ್ಪ ಮಾಡಲು ಬರುವುದಿಲ್ಲ.

ಅವನು ಒಂದು ಸಲ ಬಂದ. ಮುಂದಿನ ಬೇಸಿಗೆಯ ಶುರುವಿನಲ್ಲಿ, ಮಕ್ಕಳನ್ನು ಬೇವಿನ ನೆರಳಿಗೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದೆ. ಮಸ್ಕಿ ಕಡೆಯಿಂದ ಬಂದ ಬಸ್ಸು ರಸ್ತೆಯಲ್ಲಿ ನಿಂತಿತು. ಇಳಿದ ಮೂರು ಜನರಲ್ಲಿ ಒಬ್ಬನ ನಡಿಗೆ ಅಷ್ಟು ದೂರದಿಂದಲೇ ಗುರುತು ಸಿಕ್ಕಿತು. ಬಲಗೈಯನ್ನು ಮೈಗೆ ಹತ್ತಿಸಿಕೊಂಡು ನಡೆಯುತ್ತಿದ್ದ. ರಸ್ತೆಯಿಂದ ಶಾಲೆಗೆ ಬರಲು ಒಂದು ಹೊಲ ದಾಟಬೇಕು. ಅಷ್ಟು ಹೊತ್ತಿನಲ್ಲಿ ಮಕ್ಕಳನ್ನು ಒಳಗೆ ಕಳಿಸಿ, ಹೆಡ್‌ಮಾಸ್ತರರಿಗೆ ಹೇಳಿ, ಗೇಟಿಗೆ ಚಿಲಕ ಹಾಕಿದೆ.

"ತಗಿ ಗೇಟು" ಎಂದ. "ನನ್ನ ಮಗಳನ್ನ ಕೊಡು."

"ಹಿರಿಯರು ಹೇಳಿದ್ದು ನೆನಪೈತಿಲ್ರಿ?"

ಗೇಟಿಗೆ ಒದ್ದ. ಆಮೇಲೆ ಬಗ್ಗಿ ನೆಲದಿಂದ ಕಲ್ಲು ತೆಗೆದುಕೊಂಡು ಎಡಗೈಯಿಂದ ಎಸೆದ. ಮುಖಕ್ಕೆ ಬರುತ್ತಿದ್ದ ಕಲ್ಲು. ಪಕ್ಕಕ್ಕೆ ಸರಿದೆ, ಹಿಂದಿದ್ದ ಧ್ವಜದ ಕಂಬಕ್ಕೆ ಬಡಿದು ಠಣ್ ಎಂದಿತು. ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಆಚೆ ಹೊಲದಲ್ಲಿ ಕುರಿ ಬಿಟ್ಟಿದ್ದ ಇಬ್ಬರು ಕೋಲು ಹಿಡಿದು ಬಂದರು. ಒಬ್ಬಾತ ಏನೂ ಕೇಳದೆ ಅವನ ಕಾಲಿಗೆ ಒಂದು ಬಿಟ್ಟ. ಅವನು ಬಿದ್ದ. ಎರಡನೆಯ ಸಲ ಕೋಲು ಎತ್ತಿದಾಗ ನಾನು ಗೇಟಿನ ಒಳಗಿನಿಂದ ಕೂಗಿದೆ:

"ಸಾಕ್ರೋ ಅಣ್ಣಾರಾ, ಬಿಡ್ರಿ. ಬಸ್ಸಿಗೆ ಹತ್ತಿಸಿ ಬರ್ರಿ."

ಇಬ್ಬರೂ ಅವನ ರಟ್ಟೆ ಹಿಡಿದು ಹೊಲದ ನಡುವೆ ನಡೆಸಿಕೊಂಡು ಹೋದರು. ಅವನು ಒಮ್ಮೆ ತಿರುಗಿ ನೋಡಿದ. ಆ ದೂರದಿಂದಲೂ ಅವನ ಮುಖ ನನಗೆ ಪೂರ್ತಿ ಕಂಡಿತು. ಈ ಸಲ ಅದರಲ್ಲಿ ಸಿಟ್ಟಿತ್ತು. ನಾನು ಕಣ್ಣು ತೆಗೆಯಲಿಲ್ಲ. ಸಿಂಧನೂರಿನ ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು. ಅದು ಬಂದು, ಅವನು ಹತ್ತಿ, ತಿರುವು ದಾಟುವವರೆಗೂ ಗೇಟಿನ ಹತ್ತಿರವೇ ನಿಂತಿದ್ದೆ. ಕುರಿಯವರು ವಾಪಸು ಬಂದು ನೀರು ಕೇಳಿದರು, ಕೊಟ್ಟೆ. ಒಳಗೆ ಮಕ್ಕಳು ಯಾರೂ ಹೇಳದಿದ್ದರೂ ಏಳರ ಮಗ್ಗಿಯನ್ನು ಜೋರಾಗಿ ಹೇಳುತ್ತ ಕೂತಿದ್ದವು.